ಜಮೀನಿಲ್ಲದವರಿಗೂ ಸೋಲಾರ್ ಫಾರ್ಮಿನಲ್ಲಿ ಪಾಲಿರಲಿ

ಚಿಕ್ಕಪ್ಪ, ನೀವು ಗ್ರೂಪಿಗೆ ಹಾಕಿದ ಮೆಸೇಜ್ ಕೇಳಿದೆ. "ಸೋಲಾರ್ ಫಾರ್ಮ್ ಬಂದರೆ ಜಮೀನು ಹೋಗುತ್ತೆ, ಕೆಲಸನೂ ಸಿಗಲ್ಲ, ಜೊತೆಗೆ ಅಷ್ಟು ದೊಡ್ಡ ಬ್ಯಾಟರಿ ಬೇರೆ ಇಡ್ತಾರಂತೆ, ಇದರಿಂದ ಊರಿಗೇನು ಲಾಭ?" ಅಂತ ಕೇಳಿದ್ದೀರಿ. ಅದರ ಕೆಳಗೆ ಅತ್ತೆ, "ಪಕ್ಕದಲ್ಲೇ ಇದ್ದರೆ ನಮಗೆ ಕರೆಂಟ್ ಹೋಗೋದೇ ಇಲ್ಲ ಅಲ್ವಾ?" ಅಂತ ಕೇಳಿದ್ದಾರೆ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿ.

ಲಾಭ ಇದೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಆ ಲಾಭ ತಾನಾಗಿಯೇ ಎಲ್ಲರ ಮನೆ ಬಾಗಿಲಿಗೆ ಬರುವುದಿಲ್ಲ. ಸಹಿ ಹಾಕುವ ಮುಂಚೆ ಕರಾರಿನಲ್ಲಿ ಏನು ಬರೆಸಿಕೊಂಡಿರುತ್ತೀವೋ ಅಷ್ಟೇ ನಮ್ಮದು.

ಮೊದಲು ಜಮೀನಿನ ವಿಷಯ. ಒಂದು ಮೆಗಾವ್ಯಾಟ್ (ಪೂರ್ತಿ ಓಡಿದರೆ ಗಂಟೆಗೆ ಸಾವಿರ ಯೂನಿಟ್ ಕೊಡುವಷ್ಟು) ಸೋಲಾರ್‌ಗೆ ಸುಮಾರು 4ರಿಂದ 5 ಎಕರೆ ಬೇಕು. ಅಂದರೆ 50 ಮೆಗಾವ್ಯಾಟ್ ಫಾರ್ಮ್‌ಗೆ 200-250 ಎಕರೆ. ಎಷ್ಟೋ ಕಡೆ ಇದನ್ನು ಕೊಂಡುಕೊಳ್ಳುವುದಿಲ್ಲ, 25-30 ವರ್ಷಕ್ಕೆ ಲೀಸ್ ಹಾಕಿಕೊಳ್ಳುತ್ತಾರೆ. ಹಕ್ಕುಪತ್ರ ಮಾಲೀಕರ ಹೆಸರಲ್ಲೇ ಇರುತ್ತದೆ. ಮಳೆ ಬರಲಿ ಬಿಡಲಿ, ಬೆಳೆಗೆ ರೇಟ್ ಸಿಗಲಿ ಬಿಡಲಿ, ವರ್ಷಕ್ಕೆ ಇಷ್ಟು ಅಂತ ದುಡ್ಡು ಬರುತ್ತದೆ. ಬೇಸಾಯದಲ್ಲಿ ಕೈ ಸುಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು. ಆದರೆ ಬಾಡಿಗೆ ಕಾಲಕಾಲಕ್ಕೆ ಏರಬೇಕು. ಇವತ್ತಿನ ಮೊತ್ತವೇ 20 ವರ್ಷ ಆದ ಮೇಲೂ ಬಂದರೆ ಅದಕ್ಕೇನು ಬೆಲೆ ಉಳಿದಿರುತ್ತದೆ?

ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ಅವಧಿ ಮುಗಿದ ಮೇಲೆ ನೆಲಕ್ಕೆ ಹೊಡೆದ ಸ್ಟೀಲ್ ಕಂಬ, ಹೂತ ಕೇಬಲ್, ಹಳೆ ಪ್ಯಾನೆಲ್ ಎಲ್ಲ ಯಾರು ತೆಗೆಯಬೇಕು? ಇಂಥ ಪ್ರಾಜೆಕ್ಟ್‌ಗಳು ನಡುವೆ ಕೈ ಬದಲಾಗುವುದು ಮಾಮೂಲು. ಇವತ್ತು ಸಹಿ ಹಾಕಿದ ಕಂಪನಿ ಆಗ ಇಲ್ಲದೇ ಇರಬಹುದು. ಅದಕ್ಕೇ ತೆರವಿನ ಖರ್ಚಿಗೆ ಮೊದಲೇ ಠೇವಣಿ ಇಡಿಸಿಕೊಳ್ಳಬೇಕು.

ಈಗ ನನ್ನ ಮನಸ್ಸಿಗೆ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಬಾಡಿಗೆ ಹೋಗುವುದು ಜಮೀನಿದ್ದವರಿಗೆ. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರು, ಕೋರಿಗೆ ಮಾಡಿಕೊಂಡಿದ್ದವರು, ಅಲ್ಲೇ ಕುರಿ ಮೇಯಿಸಿಕೊಂಡಿದ್ದವರು ಇದ್ದಾರಲ್ಲ, ಅವರಿಗೆ ಏನು? ಬೇಲಿ ಬಿದ್ದ ದಿನದಿಂದ ಅವರ ಸಂಪಾದನೆ ನಿಲ್ಲುತ್ತದೆ. ಕಟ್ಟುವಾಗ ನೂರಾರು ಜನಕ್ಕೆ ಕೆಲಸ ಸಿಗುತ್ತದೆ, ನಿಜ. ಕಂಬ ಹೊಡೆಯಲು, ಪ್ಯಾನೆಲ್ ಕೂರಿಸಲು, ಕೇಬಲ್ ಎಳೆಯಲು, ಲಾರಿ ಓಡಿಸಲು ಜನ ಬೇಕು. ಸುತ್ತಮುತ್ತ ಊಟ, ವಸತಿ, ಬಾಡಿಗೆ ಗಾಡಿ ಎಲ್ಲದಕ್ಕೂ ವ್ಯಾಪಾರ ಆಗುತ್ತದೆ. ಆದರೆ ಅದು ಹೆಚ್ಚೆಂದರೆ ಒಂದೆರಡು ವರ್ಷ. ಆಮೇಲೆ ಉಳಿಯುವುದು ಕೆಲವೇ ಕೆಲವು ಕೆಲಸ: ಪ್ಯಾನೆಲ್ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು, ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಲೈನಿಗೆ ಹೊಂದುವಂತೆ ಬದಲಿಸುವ ಯಂತ್ರ) ಮತ್ತು ವೈರಿಂಗ್ ನೋಡಿಕೊಳ್ಳುವ ಟೆಕ್ನಿಷಿಯನ್. "ಸಾವಿರಾರು ಉದ್ಯೋಗ" ಅಂತ ಯಾರಾದರೂ ಹೇಳಿದರೆ, ಎಷ್ಟು ದಿನದ ಉದ್ಯೋಗ ಅಂತ ನೇರವಾಗಿ ಕೇಳಿ. ಟೆಕ್ನಿಷಿಯನ್ ಕೆಲಸಕ್ಕೆ ಊರಿನ ಹುಡುಗ ಹುಡುಗಿಯರಿಗೇ ತರಬೇತಿ ಕೊಡಿ ಅಂತಲೂ ಕೇಳಿ. ಆ ಕೆಲಸ 25 ವರ್ಷ ಇರುತ್ತದೆ.

ಹಾಗಾಗಿ ಬಾಡಿಗೆಯ ಜೊತೆಗೆ ಇಡೀ ಊರಿಗೆ ಅಂತ ಒಂದು ಪಾಲು ಇರಲೇಬೇಕು. ಇದು ಆಗದ ಮಾತಲ್ಲ. ಜರ್ಮನಿಯ ಕಾನೂನಿನ ಪ್ರಕಾರ ಹೊಸ ಸೋಲಾರ್ ಫಾರ್ಮ್‌ನವರು ತಯಾರಾದ ಪ್ರತಿ ಯೂನಿಟ್‌ಗೆ 0.2 ಸೆಂಟ್‌ವರೆಗೆ (ಒಂದು ಸೆಂಟ್ ಅಂದರೆ ಯೂರೋದ ನೂರನೇ ಒಂದು ಭಾಗ) ಸ್ಥಳೀಯ ಆಡಳಿತಕ್ಕೆ ಕೊಡಬಹುದು. ಕೇಳಲು ಸಣ್ಣ ಮೊತ್ತ. ಆದರೆ ಬಿಸಿಲು ಚೆನ್ನಾಗಿರುವ ಕಡೆ 50 ಮೆಗಾವ್ಯಾಟ್ ಫಾರ್ಮ್ ವರ್ಷಕ್ಕೆ 8 ಕೋಟಿ ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಕೊಡುತ್ತದೆ. ಆ ಲೆಕ್ಕದಲ್ಲಿ ವರ್ಷಕ್ಕೆ 1.6 ಲಕ್ಷ ಯೂರೋ ಆಯಿತು. ಶಾಲೆ, ರಸ್ತೆ, ಕುಡಿಯುವ ನೀರು ಅಂತ ಎಷ್ಟು ಕೆಲಸ ಆಗುತ್ತದೆ ನೋಡಿ. ಡೆನ್ಮಾರ್ಕ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ 2009ರ ಕಾನೂನು, ಗಾಳಿಯಂತ್ರ ಹಾಕುವವರು ಕನಿಷ್ಠ 20% ಷೇರನ್ನು ಸುತ್ತಲಿನ ಜನರಿಗೆ ಕೊಳ್ಳಲು ಬಿಡಬೇಕು ಅಂತ ಹೇಳಿತು. ನನಗೆ ಯೂನಿಟ್ ಲೆಕ್ಕವೇ ಇಷ್ಟ. ಷೇರು ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದವರಿಗೂ ಅದು ತಲುಪುತ್ತದೆ.

ಇನ್ನು ಬ್ಯಾಟರಿ. ಸೋಲಾರ್ ಕರೆಂಟ್ ತುಂಬಿ ಹರಿಯುವುದು ಮಧ್ಯಾಹ್ನ. ಮನೆಗಳಲ್ಲಿ ಲೋಡ್ ಏರುವುದು ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ. ಮಧ್ಯಾಹ್ನ ಗ್ರಿಡ್‌ಗೆ, ಅಂದರೆ ಎಲ್ಲ ಕಡೆ ಕರೆಂಟ್ ಹಂಚುವ ಲೈನ್‌ಗಳ ಜಾಲಕ್ಕೆ, ಬೇಡವಾದಾಗ ಫಾರ್ಮ್‌ನವರಿಗೆ ಉತ್ಪಾದನೆ ಕಡಿಮೆ ಮಾಡಿ ಅನ್ನುತ್ತಾರೆ. ಬಿಸಿಲು ಸುಮ್ನೆ ವ್ಯರ್ಥ. ಬ್ಯಾಟರಿ ಇದ್ದರೆ ಅದನ್ನು ತುಂಬಿಟ್ಟುಕೊಂಡು ಸಂಜೆ ಕೊಡಬಹುದು. ಇಪ್ಪತ್ತೈದು ಮೆಗಾವ್ಯಾಟ್ ಬ್ಯಾಟರಿ ನಾಲ್ಕು ಗಂಟೆ ಓಡಿದರೆ 1 ಲಕ್ಷ ಯೂನಿಟ್. ಒಂದು ಮನೆ ಸಂಜೆ ನಾಲ್ಕು ಯೂನಿಟ್ ಬಳಸುತ್ತದೆ ಅಂದುಕೊಳ್ಳಿ, 25 ಸಾವಿರ ಮನೆಗೆ ಸಾಕು. ತುಂಬಿದ್ದೆಲ್ಲ ವಾಪಸ್ ಬರುವುದಿಲ್ಲ, ನೂರಕ್ಕೆ 85ರಷ್ಟು ಬರುತ್ತದೆ. ಆದರೂ ಮಧ್ಯಾಹ್ನದ ಅಗ್ಗದ ಯೂನಿಟ್ ಸಂಜೆ ದುಬಾರಿ ಯೂನಿಟ್ ಆಗಿ ಮಾರಾಟವಾಗುತ್ತದೆ.

ಬ್ಯಾಟರಿಗೆ ಬೇರೆ ಸಂಪಾದನೆಯೂ ಇದೆ. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ ಒಂದು ವಿಂಡ್ ಫಾರ್ಮ್ ಪಕ್ಕ 2017ರಲ್ಲಿ 100 ಮೆಗಾವ್ಯಾಟ್ ಬ್ಯಾಟರಿ ಶುರುವಾಯಿತು. ಅದೇ ಡಿಸೆಂಬರ್‌ನಲ್ಲಿ, ಸುಮಾರು ಸಾವಿರ ಕಿಲೋಮೀಟರ್ ದೂರದ ಲೋಯ್ ಯಾಂಗ್ ಕಲ್ಲಿದ್ದಲು ಸ್ಥಾವರದ ಒಂದು ಘಟಕ ಟ್ರಿಪ್ ಆಯಿತು. ಗ್ರಿಡ್‌ನ ಫ್ರೀಕ್ವೆನ್ಸಿ (ಕರೆಂಟ್ ಮಿಡಿಯುವ ವೇಗ, ಇದು ಒಂದೇ ಸಮ ಇರಬೇಕು) ಕುಸಿಯುತ್ತಿರುವಾಗ ಈ ಬ್ಯಾಟರಿ ಒಂದು ಸೆಕೆಂಡ್ ಆಗುವ ಮೊದಲೇ ಕರೆಂಟ್ ಕೊಟ್ಟಿತು. ಈ ಸೇವೆಗೆ ಪ್ರತ್ಯೇಕ ದುಡ್ಡು ಸಿಗುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬಾಡಿಗೆ ಮಾತಾಡುವಾಗ ಎಲ್ಲರೂ ಎಕರೆ ಲೆಕ್ಕ ಹಾಕುತ್ತಾರೆ. ಬ್ಯಾಟರಿ ಕೂರುವುದು ಫಾರ್ಮಿನ ಒಂದು ಮೂಲೆಯಲ್ಲಿ. ಜಾಗ ಕಡಿಮೆ, ಗಳಿಕೆ ಜಾಸ್ತಿ. ಎಕರೆ ಲೆಕ್ಕದಲ್ಲಿ ಆ ಗಳಿಕೆ ಕಣ್ಣಿಗೇ ಬೀಳುವುದಿಲ್ಲ. ಊರಿನ ಪಾಲು ಬ್ಯಾಟರಿಯ ಆದಾಯದ ಮೇಲೂ ಇರಲಿ ಅಂತ ಬರೆಸಬೇಕು. ಚಿಕ್ಕಪ್ಪ, ನನ್ನ ಇಡೀ ಮೆಸೇಜ್‌ನಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಅತ್ತೆ, ನಿಮ್ಮ ಪ್ರಶ್ನೆ. ಪಕ್ಕದಲ್ಲಿ ಫಾರ್ಮ್ ಇದ್ದ ಮಾತ್ರಕ್ಕೆ ನಮ್ಮ ಮನೆಯಲ್ಲಿ ಕರೆಂಟ್ ಹೋಗುವುದೇ ಇಲ್ಲ ಅಂತ ಇಲ್ಲ. ಗ್ರಿಡ್ ಬಿದ್ದರೆ ಸೋಲಾರ್ ಇನ್ವರ್ಟರ್‌ಗಳು ತಾವಾಗಿಯೇ ಆಫ್ ಆಗುತ್ತವೆ. ಲೈನ್ ರಿಪೇರಿ ಮಾಡುವವರು ಕಂಬದ ಮೇಲಿದ್ದಾಗ ಕರೆಂಟ್ ಹರಿಯಬಾರದು ಅಂತ ಹಾಗೆ ಮಾಡಿರುತ್ತಾರೆ. ಆದರೆ ಗ್ರಿಡ್ ಇಲ್ಲದೆಯೂ ತಾನೇ ಫ್ರೀಕ್ವೆನ್ಸಿ ಹಿಡಿದು ನಿಲ್ಲಿಸುವ ಇನ್ವರ್ಟರ್‌ಗಳಿವೆ. ಅವನ್ನು ಬ್ಯಾಟರಿಗೆ ಜೋಡಿಸಿ, ಸ್ಥಳೀಯ ಫೀಡರ್ (ಊರಿಗೆ ಕರೆಂಟ್ ತರುವ ಲೈನ್) ಬೇರ್ಪಡಿಸಲು ಸ್ವಿಚ್ ವ್ಯವಸ್ಥೆ ಮಾಡಿದರೆ, ಆಸ್ಪತ್ರೆ, ನೀರಿನ ಪಂಪ್‌ನಂಥ ಕಡೆಗಾದರೂ ಕತ್ತಲಲ್ಲಿ ಕರೆಂಟ್ ಕೊಡಬಹುದು. ಆಮೇಲೆ ಸೇರಿಸುವುದು ತುಂಬಾ ದುಬಾರಿ. ಡಿಸೈನ್ ಮಾಡುವಾಗಲೇ ಕೇಳಬೇಕು.

ಬೆಂಕಿಯ ಭಯ ಸುಳ್ಳಲ್ಲ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ದೊಡ್ಡ ಬ್ಯಾಟರಿ ಘಟಕಕ್ಕೆ ಬೆಂಕಿ ಬಿದ್ದು, ಸಾವಿರಕ್ಕೂ ಹೆಚ್ಚು ಜನರನ್ನು ಮನೆಯಿಂದ ಕಳಿಸಬೇಕಾಯಿತು. ಅಲ್ಲಿ ಬ್ಯಾಟರಿಗಳೆಲ್ಲ ಒಂದೇ ಹಳೆ ಕಟ್ಟಡದೊಳಗಿದ್ದವು. ಅವು ನಿಕಲ್, ಕೋಬಾಲ್ಟ್ ಇರುವ ಬಗೆ. ಈಗ ಹೆಚ್ಚಾಗಿ ಹಾಕುವುದು ಲಿಥಿಯಂ ಐರನ್ ಫಾಸ್ಫೇಟ್, ಅದು ಅಷ್ಟು ಬೇಗ ಕಾವೇರುವುದಿಲ್ಲ. ಹಡಗಿನ ಕಂಟೇನರ್‌ನಂಥ ಬಿಳಿ ಪೆಟ್ಟಿಗೆಗಳಲ್ಲಿ, ನಡುವೆ ಜಾಗ ಬಿಟ್ಟು, ಬಯಲಲ್ಲಿ ಇಡುತ್ತಾರೆ. ಪೆಟ್ಟಿಗೆಯೊಳಗೆ ಸೆಲ್‌ಗಳ ಉಷ್ಣಾಂಶ ನೋಡುತ್ತಿರುವ ಸೆನ್ಸರ್‌ಗಳಿರುತ್ತವೆ. ಆದರೂ ಮನೆಗಳಿಂದ ದೂರ ಇಡಿ ಅಂತ ಕೇಳುವುದು ನಮ್ಮ ಹಕ್ಕು. ಕೂಲಿಂಗ್ ಫ್ಯಾನ್‌ಗಳ ಗುಂಯ್ ಶಬ್ದ ರಾತ್ರಿ ಹೊತ್ತು ಕಿರಿಕಿರಿ ಮಾಡುತ್ತದೆ, ಅದಕ್ಕೂ ದೂರ ಒಳ್ಳೆಯದು. ಅಗ್ನಿಶಾಮಕದವರಿಗೆ ಮೊದಲೇ ತರಬೇತಿ ಆಗಿರಬೇಕು.

ಕುರಿ ಮೇಯಿಸುವವರ ವಿಷಯ ಹೇಳಿದೆನಲ್ಲ, ಅದಕ್ಕೆ ದಾರಿ ಇದೆ. ಪ್ಯಾನೆಲ್ ಕೆಳಗೆ ಹುಲ್ಲು ಬೆಳೆಯುತ್ತದೆ, ಅದನ್ನು ಹೇಗೂ ಕತ್ತರಿಸಲೇಬೇಕು. ಹಲವು ದೇಶಗಳಲ್ಲಿ ಕುರಿಗಳನ್ನೇ ಒಳಗೆ ಬಿಡುತ್ತಾರೆ, ಕುರಿಯವರಿಗೆ ಅದಕ್ಕೆ ದುಡ್ಡೂ ಕೊಡುತ್ತಾರೆ. ಮೇಕೆ ಮಾತ್ರ ಬೇಡ, ಅವು ಪ್ಯಾನೆಲ್ ಮೇಲೆ ಹತ್ತುತ್ತವೆ, ವೈರ್ ಕಚ್ಚುತ್ತವೆ. ಪ್ಯಾನೆಲ್ ಎತ್ತರಿಸಿ ಕೆಳಗೆ ಬೆಳೆ ಬೆಳೆಯುವ ಯೋಚನೆಯನ್ನು ಜರ್ಮನಿಯ ವಿಜ್ಞಾನಿಗಳಾದ ಗೋಟ್ಸ್‌ಬರ್ಗರ್ ಮತ್ತು ಜಾಸ್ಟ್ರೋ 1980ರ ದಶಕದ ಶುರುವಿನಲ್ಲೇ ಮುಂದಿಟ್ಟಿದ್ದರು. ಅದಕ್ಕೆ ಖರ್ಚು ಜಾಸ್ತಿ, ಎಲ್ಲ ಬೆಳೆಗೂ ಆಗುವುದಿಲ್ಲ. ಕುರಿ ಮೇಯಿಸಲು ಅಂಥ ಖರ್ಚೇ ಇಲ್ಲ.

ಕರಾರಿನ ಕರಡು ಯಾರ ಕೈಗಾದರೂ ಸಿಕ್ಕಿದರೆ ಸಹಿಗೆ ಮುಂಚೆ ಗ್ರೂಪಿಗೆ ಹಾಕಿ. ಗೊತ್ತಿರುವ ವಕೀಲರಿಗೂ ತೋರಿಸೋಣ. ಆ ಮಾತುಕತೆಗೆ ಜಮೀನಿದ್ದವರನ್ನು ಮಾತ್ರ ಕರೆಯಬೇಡಿ, ಕೂಲಿಯವರನ್ನೂ ಕುರಿಯವರನ್ನೂ ಕೂರಿಸಿಕೊಳ್ಳಿ, ಚಿಕ್ಕಪ್ಪ.