ಕಾರವಾರದ ಟುಪೊಲೆವ್ ನೋಡಿದ ಮೇಲೆ ಒಂದು ಪ್ರಶ್ನೆ: ಜರ್ಮನ್ನರ ಬಳಿ ಇಂಥ ದೊಡ್ಡ ಬಾಂಬರ್ ಏಕಿರಲಿಲ್ಲ?

ಕೋಡಿಬಾಗದ ಓದುಗ

ಕಳೆದ ಭಾನುವಾರ ಸಂಜೆ ಮಗಳನ್ನು ಕರೆದುಕೊಂಡು ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಹೋಗಿದ್ದೆ. ಚಾಪಲ್ ಯುದ್ಧನೌಕೆಯ ಹತ್ತಿರ ನಿಲ್ಲಿಸಿರುವ ನಮ್ಮ ನೌಕಾಪಡೆಯ ನಿವೃತ್ತ ಟುಪೊಲೆವ್ ಟಿಯು-142ಎಂ ಕಡಲಕಾವಲು ವಿಮಾನದ ರೆಕ್ಕೆಯ ಕೆಳಗೆ ನಿಂತು ಆ ನಾಲ್ಕು ಎಂಜಿನ್‌ಗಳನ್ನು ನೋಡುತ್ತಿದ್ದಾಗ, ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಸಂದೇಹವೊಂದು ಮತ್ತೆ ಎದ್ದಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಬಳಿ ಲ್ಯಾಂಕಾಸ್ಟರ್ ಇತ್ತು, ಅಮೆರಿಕನ್ನರ ಬಳಿ ಬಿ-17 ಇತ್ತು. ಎರಡೂ ನಾಲ್ಕು ಎಂಜಿನ್‌ಗಳ ವಿಮಾನಗಳು. ಯಂತ್ರವಿದ್ಯೆಯಲ್ಲಿ ಯಾರಿಗೂ ಕಡಿಮೆಯಿಲ್ಲದ ಜರ್ಮನ್ನರು ಮಾತ್ರ ಹೈಂಕೆಲ್ 111, ಡಾರ್ನಿಯರ್ 17, ಯುಂಕರ್ಸ್ 88ರಂತಹ ಎರಡು ಎಂಜಿನ್‌ಗಳ ಬಾಂಬರ್‌ಗಳನ್ನೇ ನಂಬಿಕೊಂಡದ್ದೇಕೆ? ಹಳೆಯ ಛಾಯಾಚಿತ್ರಗಳಲ್ಲಿ ಈ ವಿಮಾನಗಳ ಮೂತಿಯಲ್ಲಿರುವ ಗಾಜಿನ ಗೂಡಿನೊಳಗೆ ಮೂರು ನಾಲ್ಕು ಜನ ಒತ್ತೊತ್ತಾಗಿ ಕುಳಿತಿರುವುದು ಕಾಣುತ್ತದೆ. ಅವರ ಕೆಲಸಗಳೇನಿದ್ದವು, ಹಾಗೆ ಕೂರಿಸಿದ್ದಕ್ಕೆ ಕಾರಣವೇನು ಎಂಬುದನ್ನೂ ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಶಿರಸಿಯ ನಿವೃತ್ತ ಅಧ್ಯಾಪಕ

ಈ ಪ್ರಶ್ನೆಗೆ ಸಾಮಾನ್ಯವಾಗಿ ಕೊಡುವ ಉತ್ತರ ಒಬ್ಬ ವ್ಯಕ್ತಿಯ ಸಾವಿನಿಂದ ಶುರುವಾಗುತ್ತದೆ. ಜರ್ಮನ್ ವಾಯುಪಡೆಯಾದ ಲುಫ್ಟ್‌ವಾಫೆಯ ಯೋಜನೆಗಳನ್ನು ಆರಂಭದಲ್ಲಿ ರೂಪಿಸಿದ ವಾಲ್ಟರ್ ವೇಫರ್ ದೂರಗಾಮಿ ಬಾಂಬರ್‌ಗಳ ಪರವಾಗಿದ್ದರು, ಮತ್ತು ಅವರ ಒತ್ತಾಸೆಯಿಂದಲೇ ಡಾರ್ನಿಯರ್ 19, ಯುಂಕರ್ಸ್ 89 ಎಂಬ ನಾಲ್ಕು ಎಂಜಿನ್‌ಗಳ ಎರಡು ಮಾದರಿಗಳು ಸಿದ್ಧವಾಗುತ್ತಿದ್ದವು. 1936ರ ಜೂನ್ 3ರಂದು ಡ್ರೆಸ್ಡನ್‌ನಲ್ಲಿ ಅವರು ತಾವೇ ಹೈಂಕೆಲ್ 70 ವಿಮಾನವನ್ನು ಮೇಲೇರಿಸಿದರು. ನೆಲದ ಮೇಲೆ ನಿಂತಿರುವಾಗ ರೆಕ್ಕೆಯ ಅಂಚಿನ ಪಟ್ಟಿಗಳು ಗಾಳಿಗೆ ಬಡಿದುಕೊಳ್ಳದಂತೆ ಹಾಕುವ ಬೀಗವನ್ನು ತೆಗೆದಿರಲಿಲ್ಲ. ವಿಮಾನ ಬಿತ್ತು, ವೇಫರ್ ತೀರಿಕೊಂಡರು. ಮರುವರ್ಷದ ಏಪ್ರಿಲ್‌ನಲ್ಲಿ ಆ ಎರಡೂ ಮಾದರಿಗಳನ್ನು ಕೈಬಿಡಲಾಯಿತು.

ಆದರೆ ಒಂದು ಬೀಗದ ಮೇಲೆ ಇಷ್ಟು ದೊಡ್ಡ ಇತಿಹಾಸವನ್ನು ಹೊರಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಆ ಮಾದರಿಗಳಿಗೆ ತಕ್ಕ ಶಕ್ತಿಯ ಎಂಜಿನ್‌ಗಳು ಆಗ ಜರ್ಮನಿಯಲ್ಲಿ ಇರಲಿಲ್ಲ, ಲೋಹಕ್ಕೂ ಇಂಧನಕ್ಕೂ ಕೊರತೆಯಿತ್ತು. ನೆರೆಯ ದೇಶಗಳೊಂದಿಗೆ ನಡೆಯಬಹುದಾದ ಕಿರು ಅವಧಿಯ ಯುದ್ಧವನ್ನೇ ಅವರು ಲೆಕ್ಕಹಾಕಿದ್ದರಿಂದ, ಭೂಸೈನ್ಯದ ಮುಂದೆ ಮುಂದೆ ದಾರಿ ಮಾಡಿಕೊಡುವ ಮಧ್ಯಮ ಗಾತ್ರದ ವಿಮಾನಗಳು ಸಾಕೆನಿಸಿದವು. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಪಟ್ಟಣವನ್ನು ಸುಟ್ಟದ್ದು ಇಂಥ ವಿಮಾನಗಳೇ. ಇದರ ಮೇಲೆ ವಾಯುಪಡೆಯ ತಾಂತ್ರಿಕ ವಿಭಾಗದ ಮುಖ್ಯಸ್ಥರಾದ ಎರ್ನ್‌ಸ್ಟ್ ಊಡೆಟ್ ಅವರ ಪಟ್ಟು ಬೇರೆ: ಬಾಂಬರ್ ಎಂದಮೇಲೆ ಅದು ಗಿಡುಗನಂತೆ ಕೆಳಗೆರಗಿ ಬಾಂಬ್ ಹಾಕಬೇಕು ಎಂಬುದು ಅವರ ನಂಬಿಕೆ. ಕೇವಲ ವೇಗವನ್ನೇ ಗುರಿಯಾಗಿಟ್ಟು ರೂಪಿಸಿದ್ದ ಯುಂಕರ್ಸ್ 88 ವಿಮಾನಕ್ಕೆ ಈ ಎರಗುವಿಕೆಯ ಷರತ್ತು ಹೇರಿದ ಮೇಲೆ ಅದರ ಮೈಯನ್ನು ಬಲಪಡಿಸಬೇಕಾಯಿತು, ತೂಕ ಏರಿತು, ವೇಗ ಇಳಿಯಿತು.

ಅಂಕೋಲೆಯ ಎಂಜಿನ್ ಕೆಲಸಗಾರ

ಅಧ್ಯಾಪಕರ ಮಾತಿಗೆ ಒಂದು ತಿದ್ದುಪಡಿಯನ್ನಲ್ಲ, ಒಂದು ಸೇರ್ಪಡೆಯನ್ನು ಮಾಡುತ್ತೇನೆ. ಜರ್ಮನ್ನರ ಬಳಿ ನಾಲ್ಕು ಎಂಜಿನ್‌ಗಳ ಬಾಂಬರ್ ಇತ್ತು. ಆದರೆ ನೋಡಿದವರಿಗೆ ಎರಡೇ ಕಾಣುತ್ತಿದ್ದವು. ಹೈಂಕೆಲ್ 177 ವಿಮಾನದಲ್ಲಿ ಡೈಮ್ಲರ್-ಬೆಂಜ್ ಕಂಪನಿಯ 12 ಸಿಲಿಂಡರ್‌ಗಳ ಎರಡೆರಡು ಎಂಜಿನ್‌ಗಳನ್ನು ಅಕ್ಕಪಕ್ಕ ಜೋಡಿಸಿ, ಒಂದೇ ಪ್ರೊಪೆಲ್ಲರ್ ತಿರುಗಿಸುವಂತೆ ಮಾಡಿದ್ದರು. ಗಾಳಿಯ ಅಡೆತಡೆ ಕಡಿಮೆಯಾಗಲಿ, ಅಷ್ಟು ದೊಡ್ಡ ವಿಮಾನವೂ ಕೆಳಗೆರಗುವಂತಿರಲಿ ಎಂಬುದು ಇದರ ಹಿಂದಿದ್ದ ಆಲೋಚನೆ. 1939ರ ನವೆಂಬರ್ 19ರ ಮೊದಲ ಹಾರಾಟವನ್ನೇ ಎಂಜಿನ್ ಕಾವೇರಿದ್ದರಿಂದ 12 ನಿಮಿಷಗಳಲ್ಲಿ ಮುಗಿಸಬೇಕಾಯಿತು.

ದೋಣಿಗಳ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸುವ ನಮ್ಮಂಥವರಿಗೆ ಅದರ ದೋಷ ಥಟ್ಟನೆ ಅರ್ಥವಾಗುತ್ತದೆ. ಎರಡು ಎಂಜಿನ್‌ಗಳ ಒಳಬದಿಯ ಹೊಗೆಕೊಳವೆಗಳು ನಟ್ಟನಡುವೆ ಕಾದು ಕೆಂಪಗಾಗಿರುತ್ತಿದ್ದವು. ಕೆಳಗೆ ಸೋರಿದ ಎಣ್ಣೆಯೂ ಜಿಡ್ಡೂ ಕೂಡಿರುತ್ತಿದ್ದವು. ಕೈಯಾಡಿಸಲೂ ಜಾಗವಿಲ್ಲದಷ್ಟು ಇಕ್ಕಟ್ಟಾದ ಆ ಗೂಡಿನಲ್ಲಿ ಕೊಳವೆಗಳು, ತಂತಿಗಳು ತುಂಬಿಕೊಂಡಿದ್ದವು. ಬೆಂಕಿ ಹತ್ತದಿದ್ದರೆ ಅದೇ ಆಶ್ಚರ್ಯ. ಅದನ್ನು ಹಾರಿಸುತ್ತಿದ್ದ ಸೈನಿಕರು ಆ ವಿಮಾನವನ್ನು ಸಿಗರೇಟಿನ ಲೈಟರ್ ಎಂದು ಕರೆಯುತ್ತಿದ್ದರು. ಕೆಳಗೆರಗಬೇಕೆಂಬ ಷರತ್ತನ್ನು ಕೈಬಿಟ್ಟದ್ದು 1942ರ ಸೆಪ್ಟೆಂಬರ್‌ನಲ್ಲಿ, ಅಂದರೆ ಮೊದಲ ಹಾರಾಟದ ಸುಮಾರು ಮೂರು ವರ್ಷಗಳ ನಂತರ.

ಇನ್ನು ಫೋಕೆ-ವುಲ್ಫ್ 200 ಕಾಂಡೊರ್ ಇತ್ತು. ಅದು ಮೂಲದಲ್ಲಿ ಪ್ರಯಾಣಿಕರ ವಿಮಾನ. 1938ರ ಆಗಸ್ಟ್‌ನಲ್ಲಿ ಬರ್ಲಿನ್‌ನಿಂದ ನ್ಯೂಯಾರ್ಕ್‌ಗೆ ಎಲ್ಲಿಯೂ ನಿಲ್ಲದೆ ಹಾರಿತ್ತು. ಯುದ್ಧ ಬಂದಾಗ ಅದಕ್ಕೆ ಬಾಂಬ್ ಕಟ್ಟಿ, ಫ್ರಾನ್ಸಿನ ಬೋರ್ಡೊದಿಂದ ಅಟ್ಲಾಂಟಿಕ್ ಸಾಗರದ ಮೇಲೆ ಹಡಗುಗಳನ್ನು ಹುಡುಕಲು ಕಳುಹಿಸಿದರು. ಕಡಲಿನ ಮೇಲೆ ತಾಸುಗಟ್ಟಲೆ ಕಾವಲು ತಿರುಗುವ ವಿಷಯದಲ್ಲಿ ನಮ್ಮ ಕಾರವಾರದ ಟುಪೊಲೆವ್‌ಗೆ ಹೋಲಿಸಬಹುದಾದ ಜರ್ಮನ್ ವಿಮಾನ ಇದು. ಆದರೆ ಯುದ್ಧದ ಭಾರಕ್ಕೆಂದು ಕಟ್ಟಿದ್ದಲ್ಲವಾದ್ದರಿಂದ, ಇಳಿಯುವಾಗ ರೆಕ್ಕೆಯ ಹಿಂಭಾಗದಲ್ಲಿ ಅದರ ಬೆನ್ನು ಮುರಿದ ಪ್ರಸಂಗಗಳು ಹಲವು.

ಕುಮಟೆಯಿಂದ

ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಯಂತ್ರಗಳ ಚರ್ಚೆಯಲ್ಲಿ ಒಳಗಿದ್ದ ಮನುಷ್ಯರು ಮರೆತುಹೋಗುತ್ತಾರೆ.

ಹೈಂಕೆಲ್ 111ರಲ್ಲಿ ಸಾಮಾನ್ಯವಾಗಿ ಐದು ಜನ. ಎಡಗಡೆಗೆ ಚಾಲಕ, ಅವನ ಬಲಕ್ಕೆ ವೀಕ್ಷಕ. ಈ ವೀಕ್ಷಕನೇ ದಾರಿ ಲೆಕ್ಕಹಾಕುವವನು, ಮೂತಿಯಲ್ಲಿ ಹೊಟ್ಟೆಯ ಮೇಲೆ ಮಲಗಿ ಬಾಂಬ್ ಬಿಡುವವನು, ಅಗತ್ಯ ಬಿದ್ದರೆ ಮುಂದಿನ ಬಂದೂಕು ಹಿಡಿಯುವವನು. ಯುದ್ಧದ ಆರಂಭದಲ್ಲಿ ಅನೇಕ ವಿಮಾನಗಳಲ್ಲಿ ಮುಖ್ಯಸ್ಥನೂ ಅವನೇ ಆಗಿರುತ್ತಿದ್ದನು. ಉಳಿದವರು ರೇಡಿಯೊ ನೋಡುತ್ತ ಬೆನ್ನಿನ ಬಂದೂಕು ಕಾಯುವವನು, ಪಕ್ಕದ ಕಿಟಕಿಗಳವನು, ಹೊಟ್ಟೆಯ ಕೆಳಗಿನ ತೊಟ್ಟಿಲಿನಂಥ ಗೂಡಿನಲ್ಲಿ ಹಿಂದಕ್ಕೆ ಮುಖಮಾಡಿ ಮಲಗುವವನು. ಶತ್ರುವಿನ ಗುಂಡು ಹೆಚ್ಚಾಗಿ ಹಿಂದಿನಿಂದ, ಕೆಳಗಿನಿಂದ ಬರುತ್ತಿತ್ತು. ಸೈನಿಕರು ಆ ಗೂಡನ್ನು ಮರಣಶಯ್ಯೆ ಎಂದೇ ಕರೆದರು.

ಮೂತಿಯೆಲ್ಲ ಬಾಗಿದ ಗಾಜಾದ್ದರಿಂದ ಮಳೆಯಲ್ಲಿ ಮುಂದೇನೂ ಕಾಣುತ್ತಿರಲಿಲ್ಲ. ಇಳಿಯುವ ಹೊತ್ತಿಗೆ ಚಾಲಕ ತನ್ನ ಆಸನವನ್ನು ಮೇಲಕ್ಕೆತ್ತಿ, ಮಾಡಿನ ಗಾಜನ್ನು ಸರಿಸಿ, ತಲೆಯನ್ನು ಹೊರಗೆ ಹಾಕಿ ನೋಡಬೇಕಿತ್ತು. ದೇವಿಮನೆ ಘಟ್ಟದಲ್ಲಿ ಆಷಾಢದ ಮಳೆಗೆ ಕಿಟಕಿಯಿಂದ ಕತ್ತು ಹೊರಹಾಕಿ ಬಸ್ಸು ಇಳಿಸುತ್ತಿದ್ದ ಹಳೆಯ ಚಾಲಕರನ್ನು ನೋಡಿದವರಿಗೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಕೂರುವ ಜಾಗದಿಂದ ಹಿಂದಕ್ಕೆ ಹೋಗಬೇಕಾದರೆ, ತಲೆ ಮೇಲಾಗಿ ನೆಟ್ಟಗೆ ತೂಗಿಬಿಟ್ಟ 250 ಕಿಲೋ ತೂಕದ ಎಂಟು ಬಾಂಬ್‌ಗಳ ನಡುವಿನ ಕಿರಿದಾದ ಓಣಿಯಲ್ಲಿ ನುಸುಳಬೇಕಿತ್ತು.

ಯುಂಕರ್ಸ್ 88 ಮತ್ತು ಡಾರ್ನಿಯರ್ 17ರಲ್ಲಿ ನಾಲ್ವರನ್ನೂ ಮುಂದೆಯೇ ಕೂರಿಸಿದ್ದು ಬೇಕೆಂದೇ. ಭುಜಕ್ಕೆ ಭುಜ ತಗಲುತ್ತಿದ್ದರೆ ಧೈರ್ಯ ಉಳಿಯುತ್ತದೆ, ಮಾತು ಕೇಳುತ್ತದೆ, ಒಬ್ಬ ಗಾಯಗೊಂಡರೆ ಇನ್ನೊಬ್ಬನ ಕೈ ಎಟಕುತ್ತದೆ ಎಂಬ ಲೆಕ್ಕಾಚಾರ. ಆದರೆ ಒಂದೇ ಸುತ್ತಿನ ಗುಂಡಿಗೆ ನಾಲ್ವರೂ ಸಿಗುತ್ತಿದ್ದರು. ಅವರ ಕೈಯಲ್ಲಿದ್ದ ಎಂಜಿ 15 ಬಂದೂಕಿನ ಡ್ರಮ್ಮಿನಲ್ಲಿ 75 ಗುಂಡುಗಳು; ನಿಮಿಷಕ್ಕೆ ಸುಮಾರು 1000 ಗುಂಡು ಹಾರಿಸುವ ಆ ಬಂದೂಕು ಐದು ಸೆಕೆಂಡುಗಳೊಳಗೆ ಬರಿದಾಗುತ್ತಿತ್ತು. ಆಮೇಲೆ ದಪ್ಪ ಕೈಗವಸಿನಲ್ಲಿ ಹೊಸ ಡ್ರಮ್ ಸಿಕ್ಕಿಸುವಷ್ಟು ಹೊತ್ತು ಎಂಟು ಬಂದೂಕುಗಳ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಎದುರಿಗೆ ಬರಿಗೈ.

1940ರ ಆಗಸ್ಟ್ 26ರಂದು ಇಂಗ್ಲೆಂಡಿನ ಗುಡ್‌ವಿನ್ ಸ್ಯಾಂಡ್ಸ್ ಎಂಬ ಮರಳು ದಿಬ್ಬದ ಬಳಿ ಬಿದ್ದ ಡಾರ್ನಿಯರ್ 17ರ ನಾಲ್ವರಲ್ಲಿ ಇಬ್ಬರು ಸತ್ತರು, ಇಬ್ಬರು ಸೆರೆಯಾದರು. ಆ ವಿಮಾನವನ್ನು 2013ರ ಜೂನ್ 10ರಂದು ನೀರಿನಿಂದ ಎತ್ತಿ, ಉಪ್ಪು ಲೋಹವನ್ನು ತಿಂದುಹಾಕದಂತೆ ಸಿಟ್ರಿಕ್ ಆಮ್ಲದ ದ್ರಾವಣವನ್ನು ಬಹುಕಾಲ ಸಿಂಪಡಿಸುತ್ತ ಉಳಿಸಿಕೊಂಡಿದ್ದಾರೆ. ಕಡಲಗಾಳಿಗೆ ಕಬ್ಬಿಣ ಹೇಗೆ ಹಿಟ್ಟಾಗುತ್ತದೆಂದು ಬಲ್ಲ ನಮಗೆ ಆ ಶ್ರಮದ ಬೆಲೆ ಗೊತ್ತು.

ಇದನ್ನೆಲ್ಲ ಬರೆಯುವಾಗ ಕೆಳಗಿದ್ದವರನ್ನು ಬಿಡಲಾಗದು. 1940ರ ನವೆಂಬರ್ 14ರ ರಾತ್ರಿ ಇದೇ ವಿಮಾನಗಳು, ಕಿವಿಗೆ ಕೇಳುವ ರೇಡಿಯೊ ಸಂಕೇತದ ಜಾಡು ಹಿಡಿದು ಕೊವೆಂಟ್ರಿ ನಗರದ ಮೇಲೆ ಬಂದವು. ಸತ್ತ ನಾಗರಿಕರು 500ಕ್ಕೂ ಹೆಚ್ಚು.

ಕೋಡಿಬಾಗದ ಓದುಗ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮರಣಶಯ್ಯೆಯ ಸಂಗತಿಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಒಂದೇ ಒಂದು ಸಣ್ಣ ಪ್ರಶ್ನೆ ಉಳಿದಿದೆ: ಯುದ್ಧ ಸೋತ ಮೇಲೆ ಈ ವಿಮಾನಗಳನ್ನೂ ಎಂಜಿನ್‌ಗಳನ್ನೂ ಮಾಡಿದ ತಂತ್ರಜ್ಞರು ಏನಾದರು?

ಅಂಕೋಲೆಯ ಎಂಜಿನ್ ಕೆಲಸಗಾರ

ಇದಕ್ಕೆ ಉತ್ತರ ನಿಮ್ಮ ಊರಿನಲ್ಲಿಯೇ ಇದೆ. ಯುಂಕರ್ಸ್ ಕಂಪನಿಯ ಎಂಜಿನ್ ತಜ್ಞರನೇಕರನ್ನು ಸೋವಿಯತ್ ಸರ್ಕಾರ ಇಂದು ಸಮಾರಾ ಎನ್ನಿಸಿಕೊಳ್ಳುವ ರಷ್ಯದ ನಗರವಾದ ಕುಯ್‌ಬಿಶೆವ್ ಬಳಿಗೆ ಸಾಗಿಸಿತು. ಅವರ ತಂಡವನ್ನು ನಡೆಸಿದವರು, ಯುದ್ಧಕಾಲದಲ್ಲಿ ಬಾಂಬರ್‌ಗಳಿಗೆಂದೇ ದೊಡ್ಡ ಎಂಜಿನ್ ರೂಪಿಸುತ್ತಿದ್ದ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್. ಅಲ್ಲಿ ಅವರ ಕೈಯಲ್ಲಿ ಬೆಳೆದದ್ದೇ ಎನ್‌ಕೆ-12 ಎಂಜಿನ್, ಮತ್ತು ಟಾಗೋರ್ ಕಡಲತೀರದ ವಿಮಾನವನ್ನು 2017ರವರೆಗೆ ನಮ್ಮ ನೌಕಾಪಡೆಗಾಗಿ ಹಾರಿಸಿದ್ದು ಅದೇ. ಕಾಂಡೊರ್ ರೂಪಿಸಿದ ಕುರ್ಟ್ ಟಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್‌ನಲ್ಲಿ ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನು ವಿನ್ಯಾಸಗೊಳಿಸಿದರು. ಅದು 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ಬ್ರಾಂಡ್ನರ್ ರಷ್ಯದಿಂದ ಬಿಡುಗಡೆಯಾಗಿ ಮುಂದೆ ಈಜಿಪ್ಟಿನಲ್ಲಿ ತಯಾರಿಸಿದ ಎಂಜಿನ್ನನ್ನು ಪರೀಕ್ಷಿಸಲು ಕೂರಿಸಿದ್ದು ಅದೇ ಮಾರುತ್ ಜಾತಿಯ ಒಂದು ವಿಮಾನಕ್ಕೆ.

ಮುಂದಿನ ಸಲ ಮಗಳೊಂದಿಗೆ ಹೋದಾಗ ಒಂದೊಂದು ಎಂಜಿನ್ನಿನ ಮುಂದೆಯೂ ಒಂದರ ಹಿಂದೊಂದು ಇರುವ ಎರಡು ಪ್ರೊಪೆಲ್ಲರ್‌ಗಳನ್ನು ತೋರಿಸಿ. ಅವು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿದ್ದವು.