ಸಹಾಯ ಬೇಕು: ಪ್ರೆಷರ್ ವಾಷರ್ ಟ್ರೇಲರ್‌ಗೆ ಎಷ್ಟು ದೊಡ್ಡ ಟ್ಯಾಂಕ್ ಹಾಕಲಿ?

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಕಡೆಯವನು. ಹೋಂಸ್ಟೇ ಅಂಗಳ, ಕಾಂಪೌಂಡ್ ಗೋಡೆ, ಕಾಫಿ ಒಣಗಿಸುವ ಕಣ ಇವನ್ನೆಲ್ಲ ಪ್ರೆಷರ್ ವಾಷರ್‌ನಿಂದ (ಜೋರಾಗಿ ನೀರು ಚಿಮ್ಮಿಸುವ ಮೆಷಿನ್) ತೊಳೆದುಕೊಡುವ ಕೆಲಸ ಶುರು ಮಾಡಬೇಕು ಅಂತಿದ್ದೇನೆ. ಮಳೆಗಾಲ ಮುಗಿದ ಮೇಲೆ ಇಲ್ಲಿನ ಪಾಚಿ ಗೊತ್ತಲ್ವಾ, ಕಾಲಿಟ್ಟರೆ ಜಾರಿ ಬೀಳೋದೇ.

ಕರೆಂಟ್ ನಂಬೋ ಹಾಗಿಲ್ಲ, ಹಾಗಾಗಿ ಪೆಟ್ರೋಲ್ ಇಂಜಿನ್ ಮೆಷಿನ್ನೇ ಗಟ್ಟಿ. ಒತ್ತಡ 200 ಬಾರ್, ನಿಮಿಷಕ್ಕೆ 15 ಲೀಟರ್ ನೀರು. ತಲೆನೋವು ಟ್ರೇಲರ್‌ದು. 1000 ಲೀಟರ್ ಟ್ಯಾಂಕ್ ಅಂದ್ರೆ ನೀರೇ ಒಂದು ಟನ್. ಮೊನ್ನೆ ಗೆಳೆಯನ ಟ್ರೇಲರ್‌ನಲ್ಲಿ ಅರ್ಧ ತುಂಬಿದ ಟ್ಯಾಂಕ್ ಎಳೆದು ನೋಡಿದೆ. ಇಳಿಜಾರಿನ ತಿರುವಿನಲ್ಲಿ ನೀರು ಒಂದು ಕಡೆ ನುಗ್ಗಿ, ಹಿಂದಿನಿಂದ ಯಾರೋ ಜೀಪು ತಳ್ಳಿದ ಹಾಗಾಯ್ತು. ಎದೆ ಝಲ್ ಎಂದಿತು!

500 ಲೀಟರ್ ಸಾಕು ಅಂದ್ರೆ, ಅದು ಅರ್ಧ ಗಂಟೆಗೇ ಖಾಲಿ. ತೋಟದಲ್ಲಿ ಕೆರೆ ಇದ್ದರೆ ಫಿಲ್ಟರ್ ಹಾಕಿ ತುಂಬಿಸಿಕೊಳ್ಳಬಹುದು, ಆದರೆ ಎಲ್ಲ ಕಡೆ ಇರಲ್ಲವಲ್ಲ.

ಟ್ರೇಲರ್‌ಗೆ ಸಿಂಗಲ್ ಆಕ್ಸಲ್ (ಒಂದೇ ಜೋಡಿ ಚಕ್ರ) ಸಾಕಾ, ಡಬಲ್ ಬೇಕಾ? ಡಬಲ್ ಆದ್ರೆ ಎಸ್ಟೇಟ್ ಗೇಟಲ್ಲಿ ತಿರುಗಿಸೋದೇ ಕಷ್ಟ ಅನಿಸುತ್ತೆ. ನೀರು ಹಾಗೆ ನುಗ್ಗದಿರಲಿ ಅಂತ ಟ್ಯಾಂಕ್ ಒಳಗೆ ತಡೆಗೋಡೆ ಹಾಕಿಸಿದವರು, ಟ್ರೇಲರ್‌ಗೇ ಬೇರೆ ಬ್ರೇಕ್ ಇಟ್ಟವರು ಯಾರಾದ್ರೂ ಇದ್ದೀರಾ? ಇಲ್ಲ, ಸುಮ್ನೆ ಟ್ರೇಲರ್ ಬಿಟ್ಟು ಪಿಕಪ್ ಮೇಲೇ ಎಲ್ಲ ಕೂರಿಸಲಾ?