ಮೈಕ್ರೋ ಕ್ರೆಡೆನ್ಷಿಯಲ್‌ಗೆ ‘ಕಿರು ರುಜುವಾತು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಮುಳಬಾಗಿಲಿನಿಂದ ಬರೆಯುತ್ತಿದ್ದೇನೆ. ಶಿಕ್ಷಕರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದೇನೆ, ‘ಮೈಕ್ರೋ ಕ್ರೆಡೆನ್ಷಿಯಲ್’ ಹತ್ತಿರ ಬಂದು ವಾರದಿಂದ ನಿಂತುಬಿಟ್ಟಿದ್ದೇನೆ.

ಮೊದಲು ಅರ್ಥ ಹೇಳಿಬಿಡುತ್ತೇನೆ. ಇದು ಬಿ.ಎಡ್. ಥರದ ಪದವಿ ಅಲ್ಲ. ಒಂದೇ ಒಂದು ಕೌಶಲಕ್ಕೆ ಸಿಗುವ ಮನ್ನಣೆ. ಆ ಕೌಶಲವನ್ನು ತರಗತಿಯಲ್ಲಿ ಮಾಡಿ, ಪಾಠದ ವಿಡಿಯೊ, ಮಕ್ಕಳ ನೋಟ್‌ಬುಕ್ ಇಂಥದ್ದನ್ನೆಲ್ಲ ಒಪ್ಪಿಸಿ, ತಿಳಿದವರು ನೋಡಿ ಸರಿ ಅಂದರೆ ಸಿಗುತ್ತದೆ. ಹೀಗೆ ಒಂದೊಂದೇ ಕೂಡಿಕೊಂಡು ಮುಂದೆ ಬಡ್ತಿಗೋ, ಸಂಪನ್ಮೂಲ ವ್ಯಕ್ತಿ ಆಗೋದಕ್ಕೋ ನೆರವಾಗಬೇಕು ಅನ್ನೋದು ಇದರ ಉದ್ದೇಶ.

ಕರಡಿನಲ್ಲಿ ‘ಸೂಕ್ಷ್ಮ ಪ್ರಮಾಣಪತ್ರ’ ಅಂತ ಹಾಕಿದ್ದೆ. ನಮ್ಮ ಕಡೆಯ ನಲಿಕಲಿ (ಚಿಕ್ಕ ತರಗತಿಗಳ ಚಟುವಟಿಕೆ ಕಲಿಕೆ) ಮೇಡಂ ಒಬ್ಬರಿಗೆ ತೋರಿಸಿದರೆ, ಅವರು ಬೀರುವಿನಿಂದ ಒಂದು ಫೈಲ್ ತಂದು ಮುಂದಿಟ್ಟರು. ಪ್ಲಾಸ್ಟಿಕ್ ಹಾಳೆಗಳ ತುಂಬ ಸರ್ಟಿಫಿಕೇಟು, ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಿಂದ ಇಳಿಸಿ ಪ್ರಿಂಟ್ ಹಾಕಿಸಿದವೂ ಇದ್ದವು. ‘ಇವೂ ಪ್ರಮಾಣಪತ್ರವೇ ಅಲ್ವಾ ಸರ್, ಹಾಗಾದ್ರೆ ಹೊಸದೇನು?’ ಅಂದರು. ಆಮೇಲೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಮನೆಯಲ್ಲಿ ತೆಲುಗು ಆಡುವ ಒಂದನೇ ತರಗತಿ ಹುಡುಗಿ. ಚಿತ್ರ ನೋಡಿ ‘ಪಿಲ್ಲಿ’ ಅನ್ನುತ್ತಾಳೆ, ಸ್ವಲ್ಪ ತಡೆದು ‘ಬೆಕ್ಕು’ ಅನ್ನುತ್ತಾಳೆ. ಮನೆಮಾತಿನಿಂದ ಕನ್ನಡಕ್ಕೆ ಹಾಗೆ ದಾಟಿಸುವ ಕೈ ಮೇಡಮ್ಮನದು. ಅದಕ್ಕೆ ಆ ಫೈಲಿನಲ್ಲಿ ಒಂದು ಕಾಗದವೂ ಇಲ್ಲ.

ಅಲ್ಲಿಗೆ ‘ಪ್ರಮಾಣಪತ್ರ’ ಕೈಬಿಟ್ಟೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಿಕ್ಷಕರ ವೃತ್ತಿ ಕಲಿಕೆಗೆ ವರ್ಷಕ್ಕೆ ಕನಿಷ್ಠ 50 ಗಂಟೆ ಅಂತಿದೆ. ಕೂತು ಕೇಳಿದ ಗಂಟೆಗೂ ಮಾಡಿ ತೋರಿಸಿದ ಕೆಲಸಕ್ಕೂ ಒಂದೇ ಪದ ಆದರೆ ಎರಡೂ ಅದೇ ಫೈಲಿಗೆ ಹೋಗಿ ಸೇರುತ್ತವೆ.

‘ಸೂಕ್ಷ್ಮ’ವೂ ಬೇಡ. ಅದು ಸೂಕ್ಷ್ಮದರ್ಶಕದ ಕಡೆಗೋ, ‘ಸೂಕ್ಷ್ಮ ವಿಚಾರ’ದ ಕಡೆಗೋ ಎಳೆಯುತ್ತದೆ. ‘ಕಿರು’ ಸಾಕು, ‘ಕಿರುಸಾಲ’ ಆಗಲೇ ಬಳಕೆಯಲ್ಲಿದೆ. ಇನ್ನು ಕ್ರೆಡೆನ್ಷಿಯಲ್‌ನ ಮೂಲ ‘ನಂಬು’ ಅನ್ನೋ ಅರ್ಥದ ಲ್ಯಾಟಿನ್ ಮಾತು. ನಂಬಿಕೆ ಬರೋ ಹಾಗೆ ತೋರಿಸೋದಕ್ಕೆ ನಮ್ಮಲ್ಲಿ ರುಜುವಾತು ಇದೆ. ‘ರುಜುವಾತು ಮಾಡಿ ತೋರಿಸು’ ಅನ್ನೋದು ಕೋರ್ಟಿನ ಮೆಟ್ಟಿಲು ಹತ್ತದವರಿಗೂ ಗೊತ್ತು.

ನನಗೆ ಎರಡು ತೊಡಕು ಕಾಣುತ್ತಿವೆ. ‘ಕಿರು ರುಜುವಾತು’ ಅನ್ನುವಾಗ ರು ಮೇಲೆ ರು ಬಂದು ನಾಲಿಗೆ ಎಡವುತ್ತದೆ. ಜೊತೆಗೆ, ಕಂಪ್ಯೂಟರ್ ಅನುವಾದಗಳಲ್ಲಿ ಲಾಗಿನ್ ಹೆಸರು, ಪಾಸ್‌ವರ್ಡಿಗೂ ‘ರುಜುವಾತುಗಳು’ ಅಂತಲೇ ಹಾಕುತ್ತಾರೆ. ‘ಕೌಶಲ ರುಜುವಾತು’ ಅಂದರೆ ಎರಡೂ ತೊಡಕು ತಪ್ಪುತ್ತವೆ, ಆದರೆ ‘ಕಿರು’ ಹೋಗಿಬಿಡುತ್ತದೆ. ಹೋದರೆ ನಷ್ಟವಾ? ಬಾಗೇಪಲ್ಲಿ, ಪಾವಗಡ ಕಡೆ ಪಾಠ ಮಾಡುವವರು ಇದಕ್ಕೆ ಬಾಯಲ್ಲಿ ಏನನ್ನುತ್ತೀರಿ, ದಯವಿಟ್ಟು ಬರೆಯಿರಿ.